ಪದ್ಮಿನಿಗೆ 118ಎನ್‌ಇ ಇಂಜಿನ್ ಕೂರಿಸಿದ್ದಾಯ್ತು, ಈಗ ಬ್ರೇಕ್ ಸಾಲ್ತಿಲ್ಲ. ಡಿಸ್ಕ್ ಹಾಕಿಸಲಾ?

ಪದ್ಮಿನಿ_78 (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದ್ತಿದ್ದವನು, ಮೊದಲ ಸಲ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಗಾಡಿ 1978ರ ಪ್ರೀಮಿಯರ್ ಪದ್ಮಿನಿ. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅವರು ಹೋದ ಮೇಲೆ ಆರು ವರ್ಷ ಶೆಡ್ಡಲ್ಲೇ ನಿಂತಿತ್ತು. ಹಳೇ 1089 ಸಿಸಿ ಇಂಜಿನ್ ಹೊಗೆ ಬಿಡ್ತಿತ್ತು. ಬೋರ್ ಮಾಡಿಸೋ ಬದಲು ಮೂರು ವರ್ಷದ ಹಿಂದೆ ಗುಜರಿಯಿಂದ 118ಎನ್‌ಇ (ಪ್ರೀಮಿಯರ್‌ನವರದ್ದೇ ಇನ್ನೊಂದು ಕಾರು) ಇಂಜಿನ್, ಅದರದ್ದೇ ಗೇರ್‌ಬಾಕ್ಸ್ ತಂದು ಕೂರಿಸಿದ್ವಿ. ಇಂಜಿನ್ ಬಗ್ಗೆ ಒಂದು ಮಾತಿಲ್ಲ, ಬೆಣ್ಣೆ ಥರ ಓಡುತ್ತೆ.

ತೊಂದರೆ ಎರಡು. ದೀಪಾವಳಿಗೆ ಅಮ್ಮ, ಹೆಂಡತಿ, ಮಗಳನ್ನ ಕೂರಿಸ್ಕೊಂಡು ಉಡುಪಿಗೆ ಹೊರಟಿದ್ದೆ. ಆಗುಂಬೆ ಘಾಟಿ ಇಳೀತಾ ಎಂಟನೇ ತಿರುವೋ ಒಂಬತ್ತನೇ ತಿರುವೋ, ಪೆಡಲ್ ಮೆತ್ತಗಾಯ್ತು. ಒತ್ತಿದ್ರೆ ಕೆಳಗೆ ಹೋಗುತ್ತೆ, ಎರಡು ಮೂರು ಸಲ ಪಂಪ್ ಮಾಡಿದ್ರೆ ಹಿಡಿಯುತ್ತೆ. ಸುಟ್ಟ ವಾಸನೆ ಬೇರೆ. ಹೇಗೋ ಬದಿಗೆ ನಿಲ್ಲಿಸಿ ಮುಕ್ಕಾಲು ಗಂಟೆ ಕಾದೆ. ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಪೆಡಲ್ ಸರಿಹೋಯ್ತು! ಅಮ್ಮ ಮಾತಾಡ್ಲಿಲ್ಲ. ಅದೇ ನನಗೆ ಜಾಸ್ತಿ ಹೆದರಿಕೆ ಆಗಿದ್ದು.

ಎರಡನೇದು, ಭದ್ರಾವತಿ ರಸ್ತೇಲಿ 80 ದಾಟಿದ್ರೆ ಗಾಡಿ ದೋಣಿ ಥರ ತೇಲುತ್ತೆ. ಒಂದು ಉಬ್ಬು ಹತ್ತಿದ್ರೆ ಮೂರು ಸಲ ಕುಣಿಯುತ್ತೆ.

ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ (ತಿರುಗೋ ಡಬ್ಬಿಯನ್ನ ಒಳಗಿಂದ ಶೂ ಒತ್ತೋದು), ಪೆಡಲ್ ಒತ್ತೋಕೆ ಸಹಾಯ ಮಾಡೋ ಬೂಸ್ಟರ್ ಇಲ್ಲ. ಮುಂದೆ ಡಿಸ್ಕ್ (ತಿರುಗೋ ತಟ್ಟೆಯನ್ನ ಎರಡೂ ಕಡೆಯಿಂದ ಪ್ಯಾಡ್ ಹಿಡಿಯೋದು), ಜೊತೆಗೆ ಬೂಸ್ಟರ್, ಹೊಸ ಸ್ಪ್ರಿಂಗ್ ಹಾಕಿಸೋಣ ಅಂತ ಯೋಚನೆ. 40 ಸಾವಿರದ ತನಕ ಖರ್ಚು ಮಾಡಬಲ್ಲೆ. ಯಾರಾದ್ರೂ ಮಾಡಿಸಿದೀರಾ?

ಕ್ಲಚ್_ಕುಮಾರ

ಫೋಟೋ ಹಾಕಿ ಗುರುವೇ, ಆಮೇಲೆ ಮಾತು.

ಗೇರ್‌ಮಾಮ (ಬೆಂಗಳೂರು)

ಒಂದೇ ಒಂದು ಪ್ರಶ್ನೆ. ಘಾಟಿ ಯಾವ ಗೇರಲ್ಲಿ ಇಳಿದ್ರಿ?

ಪದ್ಮಿನಿ_78

ಮೂರು. ಕೆಲವು ಕಡೆ ನಾಲ್ಕು. ಅಪ್ಪನೂ ಮೂರನೇ ಗೇರಲ್ಲೇ ಇಳಿಸ್ತಿದ್ದ ನೆನಪು.

ಕುಡ್ಲ_ಡ್ರೈವರ್

ಎಂತ ಮಾರಾಯ್ರೇ, ಆಗುಂಬೆಯನ್ನು ನಾಲ್ಕರಲ್ಲಿ ಇಳಿದದ್ದಾ? ನಿಮ್ಮ ಗಾಡಿಯ ಬ್ರೇಕಿಗೆ ಕೈಮುಗಿಯಬೇಕು, ಒಂಬತ್ತನೇ ತಿರುವಿನವರೆಗೆ ಬಂತಲ್ಲ. ನಾನು ವಾರಕ್ಕೊಮ್ಮೆ ಚಾರ್ಮಾಡಿ ಇಳಿಯುವವ. ಹತ್ತುವ ಗೇರಿನಲ್ಲೇ ಇಳಿಯಬೇಕು ಅಂತ ನಮಗೆ ಲೈಸೆನ್ಸಿಗಿಂತ ಮೊದಲು ಹೇಳಿಕೊಟ್ಟದ್ದು. ಎರಡನೇ ಗೇರಿಗೆ ಹಾಕಿ ಕಾಲು ತೆಗೀರಿ, ಇಂಜಿನ್ ಹಿಡಿದುಕೊಳ್ತದೆ.

ಗೇರ್‌ಮಾಮ (ಬೆಂಗಳೂರು)

ಕುಡ್ಲದವರು ಹೇಳಿದ್ದು ಅರ್ಧ ಉತ್ತರ. ಇನ್ನರ್ಧ ನಾನು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಲೆಕ್ಕ ನೋಡಿ. ಪದ್ಮಿನಿ ಸುಮಾರು 900 ಕೆಜಿ, ಜನ, ಲಗೇಜು ಸೇರಿ 1200 ಅಂದ್ಕೊಳ್ಳಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯೋ ಎತ್ತರ ಸುಮಾರು ಅರ್ಧ ಕಿಲೋಮೀಟರ್. ಆ ಎತ್ತರದಿಂದ ಇಳಿಯುವಾಗ ಬರೋ ಶಕ್ತಿ ಪೂರ್ತಿ ಬ್ರೇಕಿಗೇ ಬಿದ್ರೆ, 100 ಕಿಮೀ ವೇಗದಿಂದ ಸೊನ್ನೆಗೆ ಹನ್ನೆರಡು ಸಲ ನಿಲ್ಲಿಸಿದಷ್ಟು ಬಿಸಿ. ಅದೂ ಹತ್ತು ಹದಿನೈದು ನಿಮಿಷದಲ್ಲಿ! ಯಾವ ಡ್ರಮ್ ತಡೆಯುತ್ತೆ? ಡಿಸ್ಕ್ ಹಾಕಿದ್ರೂ ಬೆವರುತ್ತೆ.

ಈಗ ಇಂಜಿನ್ ವಿಷಯ. ಹಳೇದು 40 ಅಶ್ವಶಕ್ತಿ ಆಸುಪಾಸು, 118ಎನ್‌ಇದು 1171 ಸಿಸಿ ನಿಸ್ಸಾನ್ ಎ12, 52ರ ಹತ್ತಿರ. ಬ್ಲಾಕ್ ಎರಕದ್ದು, ಹೆಡ್ ಅಲ್ಯೂಮಿನಿಯಂ. ಮೂಗಿನ ಮೇಲೆ ಭಾರ ಏನೂ ಬಿದ್ದಿಲ್ಲ. ಬದಲಾಗಿದ್ದು ವೇಗ. ಮೊದಲು 60ರಲ್ಲಿ ಹೋಗ್ತಿದ್ದವರು ಈಗ ಗೊತ್ತಿಲ್ದೆ 80ರಲ್ಲಿ ಹೋಗ್ತೀರಿ. ಬ್ರೇಕ್ ಅರಗಿಸ್ಕೋಬೇಕಾದ ಶಕ್ತಿ 60ಕ್ಕಿಂತ 80ಕ್ಕೆ ಹೆಚ್ಚುಕಮ್ಮಿ 1.8 ಪಟ್ಟು. ಜೊತೆಗೆ ಗೇರ್‌ಬಾಕ್ಸೂ ಬೇರೆ. ಫಿಯಟ್ ಬಾಕ್ಸಿನ ಮೂರನೇ ಗೇರೇ ಬೇರೆ, ನಿಸ್ಸಾನ್ ಬಾಕ್ಸಿನ ಮೂರನೇ ಗೇರೇ ಬೇರೆ. ಅಪ್ಪನ ಅಭ್ಯಾಸ ಹಾಗೇ ಎತ್ತಿ ಇಲ್ಲಿ ಇಟ್ರೆ ಕೂರಲ್ಲ.

ಇನ್ನು ಲಕ್ಷಣ. ಪೆಡಲ್ ಗಟ್ಟಿಯಾಗೇ ಇದ್ದು ಗಾಡಿ ನಿಲ್ಲದಿದ್ರೆ ಲೈನರ್ (ಶೂ ಮೇಲಿನ ಉಜ್ಜೋ ಪಟ್ಟಿ) ಬಿಸಿಯಾಗಿ ಜಾರ್ತಿದೆ ಅಂತ. ಪೆಡಲ್ ಮೆತ್ತಗಾಗಿ ಕೆಳಗೆ ಹೋಗಿ, ಪಂಪ್ ಮಾಡಿದ್ರೆ ಬಂದು, ತಣ್ಣಗಾದ ಮೇಲೆ ಸರಿಹೋದ್ರೆ ಎರಡೇ ಕಾರಣ. ಒಂದು, ಡ್ರಮ್ ಕಾದು ಅಗಲ ಆಗಿ ಶೂ ದೂರ ಉಳೀತು. ಇನ್ನೊಂದು, ಬ್ರೇಕ್ ಆಯಿಲ್ ಕುದ್ದು ಒಳಗೆ ಆವಿ ಆಯ್ತು. ನಿಮ್ಮದು ಎರಡೂ ಸೇರಿ ಆಗಿದೆ ಅನ್ಸುತ್ತೆ. ಆಯಿಲ್ ಯಾವಾಗ ಬದಲಾಯಿಸಿದ್ರಿ?

ಪದ್ಮಿನಿ_78

ಕಮ್ಮಿ ಆದಾಗ ತುಂಬಿಸ್ತೀನಿ. ಪೂರ್ತಿ ಬದಲಾಯಿಸಿದ ನೆನಪಿಲ್ಲ.

ಗೇರ್‌ಮಾಮ (ಬೆಂಗಳೂರು)

ಅಯ್ಯೋ ದೇವರೇ.

ಬ್ರೇಕ್ ಆಯಿಲ್ ಗಾಳಿಯಲ್ಲಿರೋ ನೀರು ಕುಡಿಯುತ್ತೆ. ಅದೂ ನಿಮ್ಮ ಮಲೆನಾಡಿನ ಮಳೇಲಿ! ಡಾಟ್ 3 ದರ್ಜೆ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ತನಕ ಕುದಿಯಲ್ಲ. ನೀರು ಕುಡಿದ ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತೆ. ಡಾಟ್ 4 ಆದ್ರೆ 230 ಮತ್ತು 155. ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆದು ಹಾಕಬೇಕು. ಡಾಟ್ 5 ಅಂತ ಸಿಲಿಕಾನಿನದ್ದು ಒಂದು ಬರುತ್ತೆ, ಅದನ್ನ ಇದರ ಜೊತೆ ಬೆರೆಸಲೇಬೇಡಿ. 5.1 ಬೇರೆ, ಅದು 4ರ ಜಾತಿನೇ. ಹೆಸರಿಟ್ಟವನಿಗೆ ದೊಡ್ಡ ನಮಸ್ಕಾರ.

ಟರ್ಬೋ_ತಮ್ಮ

ಮಾಮ, ಇಷ್ಟೆಲ್ಲಾ ಪುರಾಣ ಯಾಕೆ? ಡಿಸ್ಕ್ + ಬೂಸ್ಟರ್ ಹಾಕ್ಸಿದ್ರೆ ಕೆಲಸ ಮುಗೀತು. ಈ ಕಾಲದಲ್ಲಿ ಯಾರು ಡ್ರಮ್ ಇಟ್ಕೊಂಡು ಓಡಾಡ್ತಾರೆ. ವಿಡಿಯೋದಲ್ಲಿ ನೋಡಿದೆ, ಒಂದೇ ದಿನದಲ್ಲಿ ಫಿಟ್ ಮಾಡ್ತಾರೆ.

ರೇಡಿಯೇಟರ್_ರಾಣಿ (ಮೈಸೂರು)

ತಮ್ಮಾ, ಬೂಸ್ಟರ್ ನಿನ್ನ ಕಾಲಿನ ಶ್ರಮ ಕಮ್ಮಿ ಮಾಡುತ್ತೆ, ಅಷ್ಟೇ. ಬಿಸಿ ಒಂದು ಡಿಗ್ರಿನೂ ಕಮ್ಮಿ ಆಗಲ್ಲ. ಕುದಿಯೋ ಆಯಿಲ್ ಇರೋ ಗಾಡಿಗೆ ಬೂಸ್ಟರ್ ಹಾಕಿದ್ರೆ ಪೆಡಲ್ ಇನ್ನೂ ಸುಲಭವಾಗಿ ನೆಲ ಮುಟ್ಟುತ್ತೆ.

ಧಾರವಾಡ_ಗಾಡಿ

ನಂದೂ ಒಂದ ಪದ್ಮಿನಿ ಐತ್ರಿ, 82ರದ್ದು. ನಾ ಡಿಸ್ಕ್ ಹಾಕ್ಸೀನಿ. ಹಾಕ್ಸಿ ಪಟ್ಟ ಪಾಡು ಹೇಳ್ತೀನಿ ಕೇಳ್ರಿ.

ಕ್ಯಾಲಿಪರ್ (ಡಿಸ್ಕಿಗೆ ಪ್ಯಾಡ್ ಒತ್ತೂದು) ಮಾರುತಿದು, ಅದನ್ನ ಕೂಡ್ರಸೂ ಪ್ಲೇಟ್ ಲೇತಿನ್ಯಾಗ ಮಾಡಿಸಿದ್ದು. ಎಲ್ಲಾ ಛಂದ ಕೂತ್ವು. ಗ್ಯಾರೇಜಿನ ಮುಂದ ಒಂದ ಸುತ್ತ ಹೊಡದ್ವಿ, ಏನ್ ಹಿಡೀತಾವ ಅಂತೀರಿ! ಖುಷಿಲೆ ಹುಬ್ಬಳ್ಳಿಗೆ ಹೊಂಟೆ. ನವಲೂರ ಬರೋದ್ರಾಗ ಗಾಡಿ ಎಳೀವಲ್ದು. ಇಳದ ನೋಡಿದ್ರ ಮುಂದಿನ ಎರಡೂ ಗಾಲಿಯಾಗಿಂದ ಹೊಗಿ. ಪ್ಯಾರಲಹಣ್ಣ ಮಾರೋ ಅವ್ವ ಕೊಡದಾಗಿನ ನೀರು ತಂದ ಹಾಕಾಕ ಬಂದ್ಳು, ಬ್ಯಾಡ್ರಿ ಬ್ಯಾಡ್ರಿ ಅಂತ ಕೈ ಮುಗದೆ. ಕಾದ ಡಿಸ್ಕಿಗೆ ತಣ್ಣೀರು ಬಿದ್ರ ಸೀಳತಾವಲ್ರಿ.

ಏನಾಗಿತ್ತಪಾ ಅಂದ್ರ, ಡ್ರಮ್ಮಿನ ಮಾಸ್ಟರ್ ಸಿಲಿಂಡರಿನ್ಯಾಗ (ಪೆಡಲ್ ಒತ್ತಿದ್ರ ಆಯಿಲ್ ದೂಡೂದು) ಒಂದ ಸಣ್ಣ ವಾಲ್ವ್ ಇರ್ತೈತಿ. ಪೆಡಲ್ ಬಿಟ್ಟ ಮ್ಯಾಲೂ ಪೈಪಿನ್ಯಾಗ ಸ್ವಲ್ಪ ಒತ್ತಡ ಹಿಡದ ಇಡತೈತದು. ಡ್ರಮ್ಮಿಗೆ ಅದು ಬೇಕು, ಶೂ ಎಳಿಯೂ ಸ್ಪ್ರಿಂಗ್ ಇರ್ತಾವ, ನಡೀತೈತಿ. ಡಿಸ್ಕಿನ್ಯಾಗ ಪ್ಯಾಡ್ ಎಳಿಯೂ ಸ್ಪ್ರಿಂಗ ಎಲ್ಲಿ ಬರಬೇಕು? ಪ್ಯಾಡ್ ಹಂಗ ಅಂಟಗೊಂಡ ಕುಂದರತಾವ. ಆಮ್ಯಾಲ ಎರಡ ಕೋಣಿ ಮಾಸ್ಟರ್ ಸಿಲಿಂಡರ್ ಹಾಕ್ಸಿದೆ, ಮುಂದ ಬ್ಯಾರೆ, ಹಿಂದ ಬ್ಯಾರೆ. ಈಗ ಎರಡ ವರ್ಷಾತು, ಏನೂ ತಕರಾರಿಲ್ಲ.

ಹಾಕಸಬ್ಯಾಡ್ರಿ ಅಂತ ನಾ ಹೇಳಾಂಗಿಲ್ಲ. ಒಂದ ದಿನದ ಕೆಲಸಾ ಅಂತ ಹೇಳಿದವ್ರನ್ನ ನಂಬಬ್ಯಾಡ್ರಿ, ಅಷ್ಟ.

ಕ್ಲಚ್_ಕುಮಾರ

ನವಲೂರ ಪೇರಲೆ ಈಗ ಸಿಗುತ್ತಾ ಸಾರ್? ಮುಂದಿನ ವಾರ ಆ ಕಡೆ ಬರ್ತಿದೀನಿ.

ಧಾರವಾಡ_ಗಾಡಿ

ಬರ್ರಿ, ರಸ್ತೆ ಬಾಜೂಕ ಬುಟ್ಟಿ ಇಟಗೊಂಡ ಕುಂತಿರ್ತಾರ. ಮನೀಗೂ ಬರ್ರಿ.

ಲೇತ್_ಶೆಟ್ರು (ಉಡುಪಿ)

ಪ್ಲೇಟ್ ಮಾತು ಬಂತಲ್ಲ, ಹಾಗಾಗಿ ಹೇಳ್ತೇನೆ. ಇಪ್ಪತ್ತೆರಡು ವರ್ಷದಿಂದ ಲೇತ್ ಇಟ್ಟವ ನಾನು. ಡಿಸ್ಕ್ ಪ್ಲೇಟ್ ಮಾಡಿಸಲಿಕ್ಕೆ ತುಂಬ ಜನ ಬರ್ತಾರೆ. ಅರ್ಧ ಜನರನ್ನು ವಾಪಸ್ ಕಳಿಸ್ತೇನೆ.

ಕೈಯಲ್ಲಿ ಕ್ಯಾಲಿಪರ್ ಹಿಡಿದುಕೊಂಡು ಬಂದು "ಇದಕ್ಕೊಂದು ಪಟ್ಟಿ ಮಾಡಿ ಕೊಡಿ" ಅಂದರೆ ಆಗುವುದಿಲ್ಲ. ಹಬ್, ಸ್ಟಬ್ (ಹಬ್ ಕೂರುವ ಅಚ್ಚು), ಡಿಸ್ಕ್, ಕ್ಯಾಲಿಪರ್, ಚಕ್ರ, ಐದೂ ಬೇಕು. ಕ್ಯಾಲಿಪರ್ ಡಿಸ್ಕಿನ ನಟ್ಟನಡುವೆ ಕೂರಬೇಕು, ಚಕ್ರದ ಒಳಗೆ ತಾಗಬಾರದು, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಹೋಸ್ ಎಳೆಯಬಾರದು. ಸಿಕ್ಕಿದ ತಗಡಿನಲ್ಲಿ ಪ್ಲೇಟ್ ಮಾಡಬಾರದು, ದಪ್ಪ ಇಎನ್8 ಉಕ್ಕು ಬೇಕು, ಬೋಲ್ಟ್ 10.9 ಗ್ರೇಡಿನದ್ದು ಬೇಕು. ಇನ್ನು ಸ್ಟಬ್ಬಿಗೇ ವೆಲ್ಡ್ ಹೊಡೆದುಕೊಡಿ ಅಂತ ಕೇಳುವವರಿದ್ದಾರೆ. ಅವರಿಗೆ ಚಾ ಕೊಟ್ಟು ಕಳಿಸ್ತೇನೆ. ಬ್ರೇಕ್ ಹಿಡಿದಾಗ ಗಾಡಿಯ ತೂಕವೆಲ್ಲ ಮುಂದೆ ವಾಲ್ತದೆ, ಆ ಎಳೆತ ಪೂರ್ತಿ ಆ ಪ್ಲೇಟಿನ ಮೇಲೆ ಉಂಟು.

ಆಂಬಿ_ಅಣ್ಣ (ತುಮಕೂರು)

ಎಲ್ಲರೂ ಫಿಯಟ್ ಫಿಯಟ್ ಅಂತೀರಿ. ಅಂಬಾಸಿಡರ್ ತಗೊಂಡಿದ್ರೆ ಈ ರಗಳೆನೇ ಇರ್ತಿರ್ಲಿಲ್ಲ.

ನನ್ನದು ಮಾರ್ಕ್ 4. ಹಳೇ 1489 ಸಿಸಿ ಪೆಟ್ರೋಲ್ ತೆಗೆದು ಇಸುಜು 2.0 ಡೀಸೆಲ್ ಕೂರಿಸಿದ್ದೆ. ಅಲ್ಲಿ ಸಮಸ್ಯೆ ಬೇರೆ, ಮೂಗು ಭಾರ ಆಯ್ತು. ಮುಂದೆ ಗಾಡಿ ಎರಡು ಬೆರಳು ಕೂತುಬಿಡ್ತು. ಅಂಬಾಸಿಡರ್ ಮುಂದುಗಡೆ ಕಾಯಿಲ್ ಸ್ಪ್ರಿಂಗ್ ಇಲ್ಲ, ಟಾರ್ಷನ್ ಬಾರ್. ಉದ್ದದ ಸರಳು ತಿರುಚಿಕೊಂಡೇ ಭಾರ ಹೊರುತ್ತೆ. ಅದನ್ನ ಬಿಚ್ಚಿ ಹಲ್ಲು ಬದಲಾಯಿಸಿ ಕೂರಿಸಿದ್ರೆ ಎತ್ತರ ಮತ್ತೆ ಬರುತ್ತೆ. ಹೊಸ ಸ್ಪ್ರಿಂಗ್ ಹುಡುಕೋ ಕೆಲಸ ಇಲ್ಲ.

ಆದ್ರೆ ಎತ್ತರ ಬಂತು ಅಂತ ಗಟ್ಟಿ ಆಗಲ್ಲ, ಅದು ತಿಳ್ಕೊಳ್ಳಿ. ನಾನು ಎತ್ತರ ಸರಿ ಮಾಡಿ ಸುಮ್ಮನಾಗಿದ್ದೆ, ಬ್ರೇಕ್ ಹಿಡಿದ್ರೆ ಮೂಗು ನೆಲ ಮೂಸೋದು. ಹಳೇ ಮಾಡೆಲ್ಲಲ್ಲಿ ಶಾಕ್ ಅಬ್ಸಾರ್ಬರ್ ತೋಳಿನ ಥರದ್ದು, ಒಳಗೆ ಎಣ್ಣೆ ಇರುತ್ತೆ. ನಂದ್ರಲ್ಲಿ ಎಣ್ಣೆ ಯಾವ ಕಾಲದಲ್ಲೋ ಸೋರಿಹೋಗಿತ್ತು. ಶಾಕ್ ಅಬ್ಸಾರ್ಬರ್ರೇ ಇಲ್ಲದ ಗಾಡೀನ ಎರಡು ವರ್ಷ ಓಡಿಸಿದೀನಿ!

ರೇಡಿಯೇಟರ್_ರಾಣಿ (ಮೈಸೂರು)

ರಗಳೆ ಇರ್ತಿರ್ಲಿಲ್ಲ ಅಂತ ಶುರು ಮಾಡಿ ನಾಲ್ಕು ರಗಳೆ ಹೇಳಿದ್ರಲ್ಲ ಅಣ್ಣಾ 😄

ಆಂಬಿ_ಅಣ್ಣ (ತುಮಕೂರು)

ಅಂಬಾಸಿಡರ್ ಹಿಂದಿನ ಸೀಟಲ್ಲಿ ಒಂದು ಸಲ ಕೂತು ನೋಡಮ್ಮಾ. ಫಿಯಟ್ಟಲ್ಲಿ ಮೊಣಕಾಲು ಗಲ್ಲಕ್ಕೆ ತಾಗುತ್ತೆ.

ಟರ್ಬೋ_ತಮ್ಮ

ಅಂಬಾಸಿಡರ್ ಸ್ಟೇರಿಂಗ್ ತಿರುಗಿಸೋಕೆ ಇಬ್ಬರು ಬೇಕು.

ಮಾಡರೇಟರ್

ಫಿಯಟ್ಟಾ ಅಂಬಾಸಿಡರಾ ಅನ್ನೋ ಜಗಳಕ್ಕೆ ಬೇರೆ ಥ್ರೆಡ್ ಇದೆ, 61 ಪುಟ ಆಗಿದೆ, ಅಲ್ಲಿಗೆ ದಯಮಾಡಿಸಿ. ಇಲ್ಲಿ ಬ್ರೇಕ್.

ರೇಡಿಯೇಟರ್_ರಾಣಿ (ಮೈಸೂರು)

ಸರಿ, ತೇಲೋ ವಿಷಯಕ್ಕೆ ಬರ್ತೀನಿ. ನಮ್ಮನೇಲಿ ಫಿಯಟ್ 1100 ಡಿಲೈಟ್ ಇದೆ, ಅಪ್ಪಾಜಿದು. ಇಂಜಿನ್ ಮುಟ್ಟಿಲ್ಲ, ಮುಟ್ಟೋಕೆ ಬಿಡೋದೂ ಇಲ್ಲ. ಆದ್ರೆ ಕೆಳಗಡೆ ಎಲ್ಲಾ ನಾನೇ ಮಾಡಿಸಿದ್ದು.

ಪದ್ಮಿನಿ ಮುಂದೆ ಡಬಲ್ ವಿಶ್‌ಬೋನು, ಕಾಯಿಲ್ ಸ್ಪ್ರಿಂಗು, ಆ್ಯಂಟಿ ರೋಲ್ ಬಾರೂ ಇದೆ. ಹಿಂದೆ ಕಮಾನು ಪಟ್ಟಿ. ಆ ಕಾಲಕ್ಕೆ ಒಳ್ಳೇ ಸಸ್ಪೆನ್ಷನ್ನೇ ಅದು. ಮೂರು ಸಲ ಕುಣಿಯುತ್ತೆ ಅಂದ್ರಲ್ಲ, ಶಾಕ್ ಅಬ್ಸಾರ್ಬರ್ ಸತ್ತಿದೆ. ಬಾನೆಟ್ ಮೂಲೆ ಒತ್ತಿ ಬಿಡಿ. ಒಂದು ಸಲ ಮೇಲೆ ಬಂದು ನಿಲ್ಲಬೇಕು. ಸ್ಪ್ರಿಂಗ್ ಬದಲಾಯಿಸೋ ಅಗತ್ಯವೇ ಇಲ್ಲ, ಇಂಜಿನ್ ಭಾರ ಹೆಚ್ಚಿಲ್ಲವಲ್ಲ. ಗಟ್ಟಿ ಸ್ಪ್ರಿಂಗ್ ಹಾಕಿ ಸತ್ತ ಶಾಕ್ ಇಟ್ಕೊಂಡ್ರೆ ಕುಣಿತ ಇನ್ನೂ ಜೋರಾಗುತ್ತೆ. ಒಂದು ಸುತ್ತು ಕತ್ತರಿಸಿ ತಗ್ಗಿಸೋಣ ಅಂತ ಯಾವನಾದ್ರೂ ಹೇಳಿದ್ರೆ ಗಾಡಿ ಕೀ ವಾಪಸ್ ಇಸ್ಕೊಂಡು ಮನೆಗೆ ಬನ್ನಿ.

ಆಮೇಲೆ ಕಿಂಗ್ ಪಿನ್ನಿಗೆ (ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ತಿರುಗೋ ಗೂಟ) ಗ್ರೀಸ್ ಹೊಡೆದು ಎಷ್ಟು ದಿನ ಆಯ್ತು? ಜಾಕ್ ಕೊಟ್ಟು ಚಕ್ರದ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸಿ. ಹಿಂದಿನ ಪಟ್ಟಿ ಬುಷ್ಷೂ ನೋಡಿ. ನಮ್ಮ ಗಾಡೀಲಿ ಬುಷ್ ಅನ್ನೋದು ಹೆಸರಿಗಷ್ಟೇ ಇತ್ತು, ಒಳಗೆ ರಬ್ಬರ್ ಪುಡಿ.

ಟೈರ್ ವಯಸ್ಸೂ ಹೇಳಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೆ ಎರಡು ವರ್ಷ.

ಪದ್ಮಿನಿ_78

ಈಗಷ್ಟೇ ಟಾರ್ಚ್ ಹಿಡಿದು ನೋಡ್ಕೊಂಡು ಬಂದೆ. ಮುಂದೆ ಎರಡೂ 3112. ಹಿಂದೆ ಒಂದು 0815, ಇನ್ನೊಂದು ಓದೋಕೇ ಆಗ್ತಿಲ್ಲ, ಅದು ರೇಡಿಯಲ್ಲೂ ಅಲ್ಲ ಅನ್ಸುತ್ತೆ.

ಗೇರ್‌ಮಾಮ (ಬೆಂಗಳೂರು)

ಒಂದೇ ಆಕ್ಸಲ್ಲಿಗೆ ಒಂದು ಕಡೆ ರೇಡಿಯಲ್ಲು, ಇನ್ನೊಂದು ಕಡೆ ಹಳೇ ನೈಲಾನ್! ಸ್ವಾಮೀ, ತೇಲದೆ ಇನ್ನೇನು ಮಾಡುತ್ತೆ ಅದು.

40 ಸಾವಿರದಲ್ಲಿ ಮೊದಲು ನಾಲ್ಕು ಟೈರ್. ಬ್ರೇಕು ಚಕ್ರವನ್ನ ನಿಲ್ಲಿಸುತ್ತೆ, ಗಾಡಿ ನಿಲ್ಲಿಸೋದು ಟೈರು. 2012ರ ರಬ್ಬರಿಗೆ ನೀವು ಯಾವ ಡಿಸ್ಕ್ ಹಾಕಿದ್ರೂ ಜಾರುತ್ತೆ.

ಲಂಡನ್_ಲಿಂಗಪ್ಪ

ಇಲ್ಲಿ ಚಳಿ, ಗಾಡಿ ಗ್ಯಾರೇಜಲ್ಲಿ ಮಲಗಿದೆ, ನಿಮ್ಮ ಜಗಳ ಓದೋದೇ ಕೆಲಸ ನನಗೆ. ನನ್ನ ಹತ್ರ ಎಂಜಿಬಿ ಸ್ಪೋರ್ಟ್ಸ್ ಕಾರ್ ಇದೆ, 1798 ಸಿಸಿ. ಅಂಬಾಸಿಡರಿನ 1489 ಸಿಸಿ ಇಂಜಿನ್ನಿಗೆ ದಾಯಾದಿ, ಎರಡೂ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ ಸರಣಿಯವು. ಆಂಬಿ ಅಣ್ಣ ಖುಷಿ ಪಡಲಿ.

ಇಲ್ಲಿ ಜನ ಎಂಜಿಬಿಗೆ ದೊಡ್ಡ ಇಂಜಿನ್ ತುರುಕ್ತಾರೆ, ಆಮೇಲೆ ಮುಂದೆ ಮಾತ್ರ ದೊಡ್ಡ ಬ್ರೇಕ್ ಹಾಕಿ ಹಿಂದಿನದ್ದು ಮರೀತಾರೆ. ಬ್ರೇಕ್ ಅಂದ್ರೆ ಹಿಂದೆ ಮುಂದೆ ಸಮತೋಲ. ಹಿಂದಿನ ಚಕ್ರ ಮೊದಲು ಲಾಕ್ ಆದ್ರೆ ಗಾಡಿ ಗಿರಕಿ ಹೊಡೆಯುತ್ತೆ. ಇಳಿಜಾರಲ್ಲಿ ಹಿಂದುಗಡೆ ಹಗುರ ಆಗಿರೋದ್ರಿಂದ ಇನ್ನೂ ಬೇಗ. ಹಾಗಾಗಿ ಡಿಸ್ಕ್ ಹಾಕಿದ್ರೆ ಹಿಂದಿನ ವೀಲ್ ಸಿಲಿಂಡರ್ (ಚಕ್ರದಲ್ಲಿ ಶೂ ಒತ್ತೋದು) ಅಳತೆನೂ ಲೆಕ್ಕಕ್ಕೆ ಬರುತ್ತೆ. ಖಾಲಿ ಜಾಗದಲ್ಲಿ, ಒದ್ದೆ ನೆಲದಲ್ಲಿ, 30ರ ವೇಗದಲ್ಲಿ ಗಟ್ಟಿ ಬ್ರೇಕ್ ಹಿಡಿದು ಯಾರನ್ನಾದ್ರೂ ಹೊರಗೆ ನಿಲ್ಲಿಸಿ ಯಾವ ಚಕ್ರ ಮೊದಲು ನಿಲ್ಲುತ್ತೆ ನೋಡೋಕೆ ಹೇಳಿ.

ಇಲ್ಲಿ 40 ವರ್ಷ ದಾಟಿದ ಗಾಡಿಗೆ ವರ್ಷದ ತಪಾಸಣೆ ಕಡ್ಡಾಯ ಅಲ್ಲ, 2018ರಿಂದ. ಆದ್ರೆ ಕಳೆದ 30 ವರ್ಷದಲ್ಲಿ ಗಣನೀಯ ಬದಲಾವಣೆ ಮಾಡಿದ್ರೆ ಆ ವಿನಾಯಿತಿ ಹೋಯ್ತು. ನಾನು ಆದ್ರೂ ತಪಾಸಣೆ ಮಾಡಿಸ್ತೀನಿ. ಬೇರೆಯವರ ಕಣ್ಣು ಒಳ್ಳೇದು.

ಕಾಯ್ದೆ_ಕಾಮತ್

ಆ ಮಾತು ಬಂದಿದ್ದು ಒಳ್ಳೇದಾಯ್ತು. ಪದ್ಮಿನಿಯವರೇ, ಆರ್‌ಸಿಯಲ್ಲಿ ಇಂಜಿನ್ ನಂಬರ್ ಬದಲಾಗಿದೆಯಾ?

ಪದ್ಮಿನಿ_78

…ಇಲ್ಲ. ಮೆಕ್ಯಾನಿಕ್ಕು "ಯಾರ್ ಕೇಳ್ತಾರೆ ಬಿಡಿ" ಅಂದ್ರು.

ಕಾಯ್ದೆ_ಕಾಮತ್

ಅಪಘಾತ ಆದ ದಿನ ವಿಮೆಯವರು ಕೇಳ್ತಾರೆ. ಮೋಟಾರು ವಾಹನ ಕಾಯ್ದೆ 1988, ಸೆಕ್ಷನ್ 52 ಓದಿ. ಇಂಜಿನ್ ಬದಲಾದ್ರೆ 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಮೂಲ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಾಯಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಮೂರು ವರ್ಷ ತಡ ಆಗಿದೆ, ಆದ್ರೂ ಆರ್‌ಟಿಓಗೆ ಹೋಗಿ, ಗುಜರಿ ಬಿಲ್ಲಿದ್ರೆ ತಗೊಂಡು ಹೋಗಿ. ಡಿಸ್ಕ್ ಹಾಕಿಸೋಕೆ ಮುಂಚೆ ಅದನ್ನೂ ಅಲ್ಲೇ ಕೇಳಿಬಿಡಿ.

ಹಳೇ ಇಂಜಿನ್ ಮಾರಬೇಡಿ. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಅಂತ 2021ರಲ್ಲಿ ನಿಯಮ ಬಂತು. ನಿಮ್ಮದಕ್ಕೆ 2028ಕ್ಕೆ 50 ತುಂಬುತ್ತೆ. ಇಂಜಿನ್, ಚಾಸಿಸ್ ಮಾರ್ಪಾಡಾಗಿದ್ರೆ ಅದರಲ್ಲಿ ಬರಲ್ಲ. ಹಳೇದನ್ನ ಗ್ರೀಸ್ ಹಚ್ಚಿ ಇಟ್ಟಿರಿ.

ಟರ್ಬೋ_ತಮ್ಮ

ಮೂಡ್ ಹಾಳು ಮಾಡೋಕೆ ಒಬ್ಬರು ಬರಲೇಬೇಕಾ ಪ್ರತಿ ಥ್ರೆಡ್ಡಲ್ಲಿ

ಕುಡ್ಲ_ಡ್ರೈವರ್

ತಮ್ಮಾ, ಅವರು ಹೇಳಿದ್ದು ಸರಿಯೇ ಉಂಟು. ಮೂಡ್ ಹಾಳಾದರೆ ಸರಿ ಮಾಡ್ಬಹುದು.

ಪದ್ಮಿನಿ_78

ಒಂದು ವಾರ ಆಯ್ತು, ಕ್ಷಮಿಸಿ. ನಾಲ್ಕೂ ಡ್ರಮ್ ಬಿಚ್ಚಿಸಿದೆ. ಈ ಸಲ ನಾನೇ ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತಿದ್ದೆ.

ಸಿಕ್ಕಿದ್ದು ಬರೀತೀನಿ, ಬೈಯಬೇಡಿ. ಹಿಂದಿನ ಎಡಗಡೆ ವೀಲ್ ಸಿಲಿಂಡರ್ ಪೂರ್ತಿ ಜಾಮ್, ತುಕ್ಕು. ಬಲಗಡೇದು ಸೋರಿ ಲೈನರ್ ಎಲ್ಲಾ ಆಯಿಲ್ಲಲ್ಲಿ ನೆಂದಿದೆ. ಅಂದ್ರೆ ಹಿಂದೆ ಬ್ರೇಕೇ ಇರಲಿಲ್ಲ! ಘಾಟಿ ಪೂರ್ತಿ ಮುಂದಿನ ಎರಡರ ಮೇಲೇ ಇಳಿದಿದೀನಿ. ಮುಂದಿನ ಡ್ರಮ್ಮು ಹೊಳೀತಿದೆ, ನೀಲಿ ಕಲೆ. ಆಯಿಲ್ ತೆಗೆದಾಗ ಕಾಫಿ ಡಿಕಾಕ್ಷನ್ ಬಣ್ಣ. ಮುಂದಿನ ಬಲಗಡೆ ರಬ್ಬರ್ ಹೋಸ್ ಹೊರಗಿಂದ ಚೆನ್ನಾಗೇ ಇದೆ, ಕತ್ತರಿಸಿ ನೋಡಿದ್ರೆ ಒಳಗೆ ಊದಿ ತೂತು ಸೂಜಿಯಷ್ಟಾಗಿದೆ.

ಇಂಜಿನ್ನಿಗೆ ಅಷ್ಟು ದುಡ್ಡು ಸುರಿದು ಇದನ್ನ ಒಂದು ಸಲ ಬಿಚ್ಚಿ ನೋಡಿರಲಿಲ್ಲ ಅಂತ ನಾಚಿಕೆ ಆಗ್ತಿದೆ.

ಗೇರ್‌ಮಾಮ (ಬೆಂಗಳೂರು)

ಬೈಯಲ್ಲ. ಬಿಚ್ಚಿ ನೋಡಿ ಬಂದು ಬರೆಯೋರು ಹತ್ತರಲ್ಲಿ ಇಬ್ಬರು.

ಆ ಹೋಸ್ ಅಪಾಯದ್ದು. ಒತ್ತಿದಾಗ ಆಯಿಲ್ ಹೋಗುತ್ತೆ, ಬಿಟ್ಟಾಗ ವಾಪಸ್ ಬರಲ್ಲ, ಶೂ ಅಂಟಿಕೊಂಡೇ ಕಾಯುತ್ತೆ. ಮೂರೂ ಹೋಸ್ ಹೊಸದು ಹಾಕಿ. ಪೈಪ್ ತುಕ್ಕು ಹಿಡಿದಿದ್ರೆ ಬ್ರೇಕಿಗೆಂದೇ ಬರೋ ಉಕ್ಕಿನ ಪೈಪೇ ಹಾಕಿಸಿ, ಫ್ರಿಜ್ಜಿನ ತಾಮ್ರದ ಪೈಪ್ ಹಾಕೋಣ ಅಂದ್ರೆ ಬಿಡಬೇಡಿ, ಅದು ಅದುರಿ ಅದುರಿ ಬಿರುಕು ಬಿಡುತ್ತೆ. ಡ್ರಮ್ ಲೇತಿಗೆ ಹಾಕಿಸೋ ಮುಂಚೆ ದಪ್ಪ ಅಳೀರಿ. ತುಂಬಾ ಕೆತ್ತಿಸಿದ ಡ್ರಮ್ ಬೇಗ ಕಾಯುತ್ತೆ.

ಹಳೇ ಲೈನರಿನ ಧೂಳನ್ನ ಬಾಯಲ್ಲಿ ಊದಬೇಡಿ, ಏರ್ ಹೊಡೆಸಬೇಡಿ. ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೇಲಿ ಒರೆಸಿ.

ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೇಲಿ ಹುಡುಕಿದ್ರೆ ಸಿಗುತ್ತೆ, ಆದ್ರೆ ಮೊದಲಿನ ಹಾಗಲ್ಲ. ಮುಂಬೈ ಕಾಲಿ ಪೀಲಿ ಟ್ಯಾಕ್ಸಿ ಇದ್ದಷ್ಟು ದಿನ ಪದ್ಮಿನಿ ಸಾಮಾನಿಗೆ ಗಿರಾಕಿ ಇತ್ತು. 2023ರ ಅಕ್ಟೋಬರ್ ಕೊನೆಗೆ ಕೊನೇ ಟ್ಯಾಕ್ಸಿಯ 20 ವರ್ಷದ ಅವಧಿ ಮುಗೀತು. ಸಿಕ್ಕಾಗ ಎರಡು ಜೊತೆ ತಗೊಂಡು ಇಟ್ಕೊಳ್ಳಿ.

ಧಾರವಾಡ_ಗಾಡಿ

ಏರ್ ತಗಿಯೂ ಮುಂದ ದೂರದ ಗಾಲಿಯಿಂದ ಶುರು ಮಾಡ್ರಿ. ಒಬ್ರು ಪೆಡಲ್ ಒತ್ತೂವಾಗ ಇನ್ನೊಬ್ರು ನಿಪ್ಪಲ್ ಬಿಚ್ಚಬೇಕು. ನನ್ನ ಹೇಣ್ತಿ ಒತ್ತಿದ್ಲು. "ಒತ್ತು, ಬಿಡು, ಒತ್ತು, ಬಿಡು" ಅಂತ ಒಂದ ತಾಸ ಹೇಳಿದ್ದಕ್ಕ ಎರಡ ದಿನ ಮಾತಾಡಲಿಲ್ರಿ.

ಲೇತ್_ಶೆಟ್ರು (ಉಡುಪಿ)

ಡಿಸ್ಕ್ ಬೇಕೇ ಬೇಕು ಅಂತಿದ್ದರೆ ಇದೆಲ್ಲ ಮಾಡಿಸಿ ಆರು ತಿಂಗಳು ಓಡಿಸಿ ಬನ್ನಿ. ಆಗಲೂ ಬೇಕು ಅನಿಸಿದರೆ ಐದೂ ಸಾಮಾನು ತನ್ನಿ, ಮಾಡಿಕೊಡ್ತೇನೆ.

ಟರ್ಬೋ_ತಮ್ಮ

ಶೆಟ್ರೇ, ನೀವೇ ಗಿರಾಕಿ ಓಡಿಸಿದ್ರೆ ಲೇತ್ ನಡೆಯೋದು ಹೇಗೆ

ಲೇತ್_ಶೆಟ್ರು (ಉಡುಪಿ)

ಡ್ರಮ್ ಕೆತ್ತಲಿಕ್ಕೆ ಬರ್ತಾರಲ್ಲ.

ಪದ್ಮಿನಿ_78

ಕೊನೇ ಅಪ್‌ಡೇಟ್.

ಹಿಂದೆ ಹೊಸ ವೀಲ್ ಸಿಲಿಂಡರ್, ಮುಂದಿನದಕ್ಕೆ ಹೊಸ ರಬ್ಬರ್ ಕಿಟ್, ಮೂರು ಹೋಸ್, ನಾಲ್ಕೂ ಕಡೆ ಲೈನರ್, ಡಾಟ್ 4. ಮುಂದಿನ ಡ್ರಮ್ ತೆಳು ಕೆತ್ತನೆ. ನಾಲ್ಕು ರೇಡಿಯಲ್ ಟೈರ್, ನಾಲ್ಕು ಶಾಕ್ ಅಬ್ಸಾರ್ಬರ್, ಪಟ್ಟಿ ಬುಷ್, ಬಲಗಡೆ ಕಿಂಗ್ ಪಿನ್. ಟೈರ್ ಸೇರಿ 36 ಸಾವಿರ ಚಿಲ್ಲರೆ. ಡಿಸ್ಕ್ ಇಲ್ಲ, ಬೂಸ್ಟರ್ ಇಲ್ಲ. ಆರ್‌ಟಿಓಗೆ ಅರ್ಜಿ ಕೊಟ್ಟಿದೀನಿ, ಗಾಡಿ ತಂದು ತೋರಿಸಿ ಅಂದಿದಾರೆ.

ಕಳೆದ ಭಾನುವಾರ ಮತ್ತೆ ಆಗುಂಬೆಗೆ ಹೋದೆ. ಮೊದಲು ಒಬ್ಬನೇ ಇಳಿದೆ, ಎರಡನೇ ಗೇರಲ್ಲಿ. ಹದಿನಾಲ್ಕು ತಿರುವೂ ಮುಗೀತು, ಪೆಡಲ್ ಮೇಲೇ ಇತ್ತು. ಕೆಳಗೆ ನಿಲ್ಲಿಸಿ ಚಕ್ರದ ಹತ್ರ ಕೈ ಒಡ್ಡಿ ನೋಡಿದೆ. ಮುಂದಿನ ಎರಡೂ ಬಿಸಿ, ಹಿಂದಿನವೂ ಬೆಚ್ಚಗಿದ್ವು! ಹಿಂದಿನ ಚಕ್ರ ಬಿಸಿಯಾಗಿದ್ದಕ್ಕೆ ಖುಷಿಪಟ್ಟ ಮೊದಲ ಮನುಷ್ಯ ನಾನೇ ಇರಬೇಕು.

ಭದ್ರಾವತಿ ರಸ್ತೇಲಿ ತೇಲೋದು ನಿಂತಿದೆ. ಗಟ್ಟಿ ಬ್ರೇಕ್ ಹಿಡಿದ್ರೆ ಮಾತ್ರ ಸ್ವಲ್ಪ ಎಡಕ್ಕೆ ಎಳೆಯುತ್ತೆ.

ಇನ್ನೊಂದು. ಮೊನ್ನೆ ಅಮ್ಮನಿಗೆ "ಅಪ್ಪನೂ ಮೂರನೇ ಗೇರಲ್ಲೇ ಇಳಿಸ್ತಿದ್ರು ಅಲ್ವಾ" ಅಂದೆ. "ಯಾರು ಹೇಳಿದ್ದು ನಿಂಗೆ? ಎರಡಕ್ಕೆ ಹಾಕಿ, ನಡುವೆ ಎರಡು ಸಲ ನಿಲ್ಲಿಸಿ ಎಲೆಅಡಿಕೆ ಹಾಕ್ಕೊಂಡೇ ಇಳಿಸ್ತಿದ್ದಿದ್ದು. ನೀನು ಹಿಂದಿನ ಸೀಟಲ್ಲಿ ಮಲಗಿರ್ತಿದ್ದೆ" ಅಂದ್ರು.

ಕುಡ್ಲ_ಡ್ರೈವರ್

ಅಮ್ಮನನ್ನೇ ಮೊದಲು ಕೇಳಬಹುದಿತ್ತಲ್ಲ ಮಾರಾಯ್ರೇ.

ಗೇರ್‌ಮಾಮ (ಬೆಂಗಳೂರು)

ಎಡಕ್ಕೆ ಎಳೆಯೋದಕ್ಕೆ ಬಲಗಡೆ ಮುಂದಿನ ಶೂ ಅಡ್ಜಸ್ಟ್ ಮಾಡಿಸಿ ನೋಡಿ, ದೂರ ಉಳಿದಿರಬಹುದು. ಲೈನರ್ ಹೊಸದಲ್ವಾ, 300 ಕಿಮೀ ಓಡಲಿ. ಆಮೇಲೂ ಎಳೆದ್ರೆ ಬಲಗಡೆ ಡ್ರಮ್ ತೆಗೆದು ಲೈನರ್ ಮೇಲೆ ಗ್ರೀಸ್ ಬಿದ್ದಿದೆಯಾ ನೋಡಿ. ಕಿಂಗ್ ಪಿನ್ ಹಾಕಿದ ಕೈಯಲ್ಲೇ ಶೂ ಹಿಡಿದಿರ್ತಾರೆ.

ಪದ್ಮಿನಿ_78

ಅದೇ! ಬಿಚ್ಚಿಸಿದೆ. ಲೈನರ್ ಮೇಲೆ ಹೆಬ್ಬೆರಳಿನ ಗುರುತಿದೆ.

ಕ್ಲಚ್_ಕುಮಾರ

ಅದರ ಫೋಟೋನಾದ್ರೂ ಹಾಕಿ.